ಗಂಗೋತ್ರಿಗೆ ಬಂದವರು, ಗಂಗೋತ್ರಿಯಿಂದ ಹೋದವರು

ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಬರುವುದು ಎಣ್ಣೆಯ ವಾಸನೆ. ಮಜ್ಜಿಗೆಹುಲ್ಲಿನ ಎಸಳನ್ನು ಬೆರಳ ನಡುವೆ ಹೊಸಕಿದರೆ ಬರುವಂಥ ಚುರುಕಾದ ಘಮ. ಅದರ ಬೆನ್ನಿಗೇ ಒಣಗಿದ ಗರಿ, ಹಳೆಯ ಮರ, ಕೆಂಪು ಬಟ್ಟೆ, ತಲೆಮಾರುಗಳ ಧೂಳು ಎಲ್ಲ ಕೂಡಿದ ಇನ್ನೊಂದು ವಾಸನೆ. ಹೊರಗಿನ ಬಿಸಿಲಿನಿಂದ ಬಂದ ಕಣ್ಣು ಒಳಗಿನ ಮಬ್ಬಿಗೆ ಒಗ್ಗಿಕೊಳ್ಳಲು ಒಂದು ಗಳಿಗೆ ಬೇಕು. ಆಮೇಲೆ ಮೇಜು ಕಾಣುತ್ತದೆ, ಬಿಚ್ಚಿಟ್ಟ ಓಲೆಯ ಕಟ್ಟು ಕಾಣುತ್ತದೆ, ಅದರ ಮುಂದೆ ತಲೆ ಬಗ್ಗಿಸಿ ಕೂತವರ ಕೈಗಳು ಕಾಣುತ್ತವೆ. ಮೆತ್ತನೆಯ ಕುಂಚದಿಂದ ಗರಿಯ ಧೂಳನ್ನು ಉದ್ದಕ್ಕೆ ಸರಿಸಬೇಕು. ಹತ್ತಿಗೆ ಎಣ್ಣೆ ಅದ್ದಿ ಮೈ ನೇವರಿಸಬೇಕು. ಕಬ್ಬಿಣದ ಕಂಟದಿಂದ ಕೊರೆದ ಅಕ್ಷರ ಬಿಳಿಚಿಕೊಂಡಿದ್ದರೆ ದೀಪದ ಕಪ್ಪನ್ನು ಸವರಿ ಮತ್ತೆ ಒರೆಸಬೇಕು. ಒರೆಸುತ್ತಿದ್ದಂತೆ ಮೇಲಿನ ಮಸಿ ಹೋಗಿ, ಕೊರೆದ ಗೆರೆಯೊಳಗಿನ ಮಸಿ ಮಾತ್ರ ಉಳಿಯುತ್ತದೆ. ಅಲ್ಲಿಯವರೆಗೆ ಖಾಲಿ ಬಿದ್ದಿದ್ದ ಗರಿಯ ತುಂಬ ಅಕ್ಷರಗಳು ಸಾಲುಸಾಲಾಗಿ ಎದ್ದು ನಿಲ್ಲುತ್ತವೆ. ಅವಸರ ಮಾಡಿದರೆ ಗರಿ ಸೀಳುತ್ತದೆ, ಸೀಳಿದ ಕಡೆಯ ಮಾತು ಮತ್ತೆ ಸಿಗುವುದಿಲ್ಲ. ಹಾಗಾಗಿ ಇಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ, ಯಾರೂ ಗಡಿಯಾರ ನೋಡುವುದಿಲ್ಲ.

ಇದು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ. ಹೊರಗೆ ಬಂದು ತಲೆಯೆತ್ತಿ ಕಟ್ಟಡವನ್ನು ನೋಡಿದರೆ ಕಂಬಗಳೆಲ್ಲ ಗ್ರೀಕ್, ರೋಮನ್ ಮಾದರಿಯವು. ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ ಐವತ್ತು ತುಂಬಿದ ನೆನಪಿಗೆ 1887ರಲ್ಲಿ ತಳಪಾಯ ಹಾಕಿದ ಕಟ್ಟಡ ಇದು. ಚಾಮರಾಜ ಒಡೆಯರ ಕಾಲದಲ್ಲಿ, 1891ರಲ್ಲಿ ಆರಂಭವಾದ ಗ್ರಂಥಭಂಡಾರ ಈಗ ಇದರ ಒಳಗಿದೆ. ಸೀಮೆಯ ರಾಣಿಯ ಹೆಸರಿನ ಕಟ್ಟಡ, ಯೂರೋಪಿನ ಕಂಬ, ಕಂಬಗಳ ಹಿಂದೆ ನಮ್ಮ ತಾಳೆಗರಿ. ಮೈಸೂರಿನಲ್ಲಿ ಹುಟ್ಟಿ ಬೆಳೆದವರಿಗೆ ಇದರಲ್ಲಿ ಏನೂ ವಿಚಿತ್ರ ಕಾಣುವುದಿಲ್ಲ. ಬಸ್ಸಿನಲ್ಲಿ ಈ ದಾರಿಯಾಗಿ ದಿನವೂ ಹೋಗುವವರಲ್ಲಿ ಎಷ್ಟು ಮಂದಿ ಒಳಗೆ ಬಂದಿದ್ದಾರೋ ಏನೋ!

1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಒಂದು ಓಲೆಯ ಕಟ್ಟನ್ನು ತಂದು ಇಲ್ಲಿಗೆ ಒಪ್ಪಿಸಿದರು. ಗ್ರಂಥಲಿಪಿಯಲ್ಲಿದ್ದ ಆ ಕಟ್ಟನ್ನು ಬಿಚ್ಚಿ ಓದಿದವರು ಗ್ರಂಥಪಾಲರಾಗಿದ್ದ ರುದ್ರಪಟ್ಟಣದ ಶಾಮಾಶಾಸ್ತ್ರಿಗಳು. ಬೇರೆ ಗ್ರಂಥಗಳಲ್ಲಿ ಹೆಸರಷ್ಟೇ ಉಳಿದು, ಪೂರ್ತಿ ಪಠ್ಯ ಕಣ್ಮರೆಯಾಗಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಅವರ ಕೈಯಲ್ಲಿತ್ತು. 1909ರಲ್ಲಿ ಮೂಲ ಅಚ್ಚಾಯಿತು, 1915ರಲ್ಲಿ ಅವರೇ ಮಾಡಿದ ಇಂಗ್ಲಿಷ್ ಅನುವಾದ ಪುಸ್ತಕವಾಯಿತು. ಪ್ರಾಚೀನ ಭಾರತೀಯರು ಪರಲೋಕದ ಚಿಂತೆ ಬಿಟ್ಟರೆ ರಾಜ್ಯ, ಹಣಕಾಸುಗಳ ಬಗ್ಗೆ ಕ್ರಮವಾಗಿ ಯೋಚಿಸಿದವರೇ ಅಲ್ಲ ಎಂದು ನಂಬಿದ್ದ ಪಶ್ಚಿಮದ ವಿದ್ವಾಂಸರು ಪುಸ್ತಕ ಮುಂದಿಟ್ಟುಕೊಂಡು ಮತ್ತೆ ಲೆಕ್ಕ ಹಾಕಬೇಕಾಯಿತು. ಮ್ಯೂನಿಕ್ಕಿನ ಗ್ರಂಥಾಲಯದಲ್ಲಿದ್ದ ಇನ್ನೊಂದು ಹಸ್ತಪ್ರತಿಯೂ ಬೆಳಕಿಗೆ ಬಂತು. ಜರ್ಮನ್ ಪಂಡಿತ ಯೋಲಿ ತಮ್ಮದೇ ಪರಿಷ್ಕರಣವನ್ನು ಹೊರತಂದರು. ನಾಲ್ವಡಿ ಕೃಷ್ಣರಾಜ ಒಡೆಯರು ಜರ್ಮನಿಗೆ ಹೋಗಿದ್ದಾಗ ಅಲ್ಲಿಯ ವಿದ್ವಾಂಸರೊಬ್ಬರು, ‘ನೀವು ಶಾಮಾಶಾಸ್ತ್ರಿಗಳ ಮೈಸೂರಿನವರೇ?’ ಎಂದು ವಿಚಾರಿಸಿದರಂತೆ. ಮೈಸೂರಿನ ಹಳಬರು ಹೇಳಿಕೊಂಡು ಬಂದಿರುವ ಕತೆ ಇದು. ಕಾಗದಪತ್ರದ ಆಧಾರ ಕೇಳಿ ಅದರ ಸೊಗಸು ಕೆಡಿಸಲು ನನಗೆ ಮನಸ್ಸಿಲ್ಲ. ಊರಿನ ಹೆಸರನ್ನು ಲೋಕಕ್ಕೆ ಕೊಂಡೊಯ್ದವರು ಒಬ್ಬ ಗ್ರಂಥಪಾಲರು ಎಂಬುದಂತೂ ನಿಜ.

ಬನ್ನಿ, ಕೃಷ್ಣರಾಜ ಬುಲೆವಾರ್ಡಿನ ಮರಗಳ ಕೆಳಗೆ ಹಾಗೇ ನಡೆಯೋಣ. ನ್ಯಾಯಾಲಯದ ಕಡೆಯಿಂದ ಕರಿಕೋಟಿನವರು ಫೈಲು ಹಿಡಿದು ದಾಟುತ್ತಾರೆ, ಕಾಲೇಜಿನ ಹುಡುಗರು ಬೈಕಿಗೆ ಒರಗಿಕೊಂಡು ಹರಟುತ್ತಾರೆ, ಕಡಲೆಕಾಯಿ ಗಾಡಿಯವನು ಬಾಣಲೆಯ ಅಂಚಿಗೆ ಸೌಟು ಬಡಿದು ಟಣ್ ಟಣ್ ಎನ್ನಿಸುತ್ತಾನೆ. ಹುರಿದ ಕಾಯಿಯ ವಾಸನೆ, ನಿನ್ನೆಯ ಮಳೆಗೆ ನೆನೆದ ಎಲೆಗಳ ವಾಸನೆ. ಅಲ್ಲಿ ಕಾಣುವುದೇ ಮಹಾರಾಜ ಕಾಲೇಜು. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಅದು ಬ್ರಿಟಿಷರ ನೇರ ಆಡಳಿತಕ್ಕೆ ಸೇರದ ನಾಡಿನಲ್ಲಿ ತೆರೆದ ಮೊದಲ ವಿಶ್ವವಿದ್ಯಾನಿಲಯ. ಲಾಂಛನಕ್ಕೆ ಗಂಡಭೇರುಂಡವನ್ನು ಇಟ್ಟುಕೊಂಡರು, ಧ್ಯೇಯವಾಕ್ಯವನ್ನು ಗೀತೆಯಿಂದ ತಂದರು, ಪಾಠ ಹೇಳಲು ಯೋಗ್ಯರು ಎಲ್ಲಿದ್ದರೂ ಕರೆಸಿಕೊಂಡರು. ಮದರಾಸಿನಿಂದ ರಾಧಾಕೃಷ್ಣನ್ 1918ರಲ್ಲಿ ತತ್ತ್ವಶಾಸ್ತ್ರ ಕಲಿಸಲು ಬಂದರು. ಮೂರು ವರ್ಷದ ಮೇಲೆ ಕಲ್ಕತ್ತೆಗೆ ಹೊರಟಾಗ ಹುಡುಗರು ಸಾರೋಟಿನ ಕುದುರೆ ಬಿಚ್ಚಿ ತಾವೇ ರೈಲ್ವೆ ನಿಲ್ದಾಣದವರೆಗೆ ಎಳೆದುಕೊಂಡು ಹೋದರು. ಅದೇ 1921ರಲ್ಲಿ ಬಂಗಾಳದಿಂದ ಬ್ರಜೇಂದ್ರನಾಥ ಸೀಲ್ ಕುಲಪತಿಯಾಗಿ ಬಂದರು. ಇಂಗ್ಲಿಷ್ ವಿಭಾಗದಲ್ಲಿ ಆಂಗ್ಲ ಪ್ರಾಧ್ಯಾಪಕರಿದ್ದರು. ಯಾರಿಗೂ ‘ಹೊರಗಿನವರು ಬಂದುಬಿಟ್ಟರು, ನಮ್ಮತನ ಹೋಯಿತು’ ಅನ್ನಿಸಿದಂತಿಲ್ಲ.

ಇಲ್ಲಿಯೇ ನಡೆದ, ನನಗೆ ತುಂಬ ಪ್ರಿಯವಾದ ಒಂದು ಪ್ರಸಂಗವನ್ನು ಹೇಳಲೇಬೇಕು. ಮಲೆನಾಡಿನಿಂದ ಮೈಸೂರಿಗೆ ಓದಲು ಬಂದಿದ್ದ ಹುಡುಗ ಪುಟ್ಟಪ್ಪ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ. 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಪುಟ್ಟ ಸಂಕಲನವೂ ಅಚ್ಚಾಗಿತ್ತು. ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಿದ್ದಾಗ, 1924ರಲ್ಲಿ, ಈ ಹುಡುಗ ಪದ್ಯಗಳನ್ನು ತೆಗೆದುಕೊಂಡು ಹೋಗಿ ತೋರಿಸಿದ. ಕಸಿನ್ಸ್ ನೋಡಿ, ನಿನ್ನ ಭಾಷೆಯಲ್ಲಿ ಏನು ಬರೆದಿದ್ದೀಯೆ ಎಂದು ವಿಚಾರಿಸಿ, ಬರೆಯುವುದಾದರೆ ಅದರಲ್ಲೇ ಬರೆ ಎಂದು ತಿಳಿಹೇಳಿದರು. ಹುಡುಗನಿಗೆ ಮೊದಲು ಸಿಟ್ಟೇ ಬಂತು. ಆಮೇಲೆ ಕನ್ನಡದಲ್ಲಿ ಬರೆಯತೊಡಗಿದ. ಮುಂದೆ ಕುವೆಂಪು ಎನಿಸಿದ ಆ ಹುಡುಗನನ್ನು ಕನ್ನಡಕ್ಕೆ ತಿರುಗಿಸಿದ ಮಾತು ಒಬ್ಬ ಪರದೇಶದವರ ಬಾಯಿಂದ ಬಂತು. ಆ ಮಾತು ಹೇಳಲು ಅವರಿಗೆ ಹಕ್ಕೂ ಇತ್ತು: ತನ್ನ ನುಡಿಯನ್ನು ಇಂಗ್ಲಿಷಿಗೆ ಬಹುಪಾಲು ಒಪ್ಪಿಸಿಬಿಟ್ಟ ದೇಶದಿಂದ ಬಂದವರು ಅವರು.

ಅದೇ ಕಾಲಕ್ಕೆ ಬಿ.ಎಂ. ಶ್ರೀಕಂಠಯ್ಯನವರು ಹಗಲು ಇಂಗ್ಲಿಷ್ ಪಾಠ ಹೇಳಿ, ಅದೇ ಕವಿಗಳನ್ನು ಕನ್ನಡದ ಲಯಕ್ಕೆ ಒಗ್ಗಿಸುತ್ತಿದ್ದರು. ಕನ್ನಡ ಮಾತು ತಲೆಯೆತ್ತುವ ಬಗೆಯ ಕುರಿತು 1911ರಲ್ಲೇ ಧಾರವಾಡದಲ್ಲಿ ಭಾಷಣ ಮಾಡಿದ್ದವರು ಅವರು. 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಬಂತು, ಮರುವರ್ಷ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ಶುರುವಾಯಿತು. ಆಮೇಲೆ ಗ್ರೀಕ್ ನಾಟಕದ ಏಜಾಕ್ಸ್ ಕನ್ನಡಕ್ಕೆ ಬಂದು ಅಶ್ವತ್ಥಾಮನಾದ. ಕನ್ನಡವನ್ನು ಎತ್ತಿ ನಿಲ್ಲಿಸಲು ಹೊರಟವರು ಇಂಗ್ಲಿಷಿನ ಬಾಗಿಲನ್ನು ಮುಚ್ಚಲಿಲ್ಲ. ಅದರ ಒಳಗೆ ಹೋಗಿ, ಬೇಕಾದ್ದನ್ನು ಹೊತ್ತುಕೊಂಡು ಮನೆಗೆ ಬಂದರು. ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು ಹಳ್ಳಿ ಪಟ್ಟಣಗಳಿಗೆ ಹೋಗಿ ಪ್ರಚಾರೋಪನ್ಯಾಸ ಮಾಡುತ್ತಿದ್ದರು, ಅವು ಅಗ್ಗದ ಬೆಲೆಯ ಪುಟ್ಟ ಪುಸ್ತಕಗಳಾಗಿ ಬರುತ್ತಿದ್ದವು. ನಕ್ಷತ್ರ, ರೋಗಾಣು, ರಷ್ಯಾ, ಪಂಪ ಎಲ್ಲವೂ ರೈತನ ಜಗಲಿಗೆ ತಲುಪಬೇಕು ಎಂಬ ಹಂಬಲ ಅದರ ಹಿಂದಿತ್ತು. 1946ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟು ಹೊರಬಂತು. ಹಳೆಯ ಪ್ರತಿಯೊಂದನ್ನು ಎರಡು ಕೈಯಲ್ಲಿ ಎತ್ತಿ ನೋಡಿದವರಿಗೆ, ಆ ತೂಕದಲ್ಲೇ ಎಷ್ಟು ಜನರ ಎಷ್ಟು ವರ್ಷದ ದುಡಿಮೆ ಇದೆ ಎಂದು ಗೊತ್ತಾಗುತ್ತದೆ.

ಕ್ರಾಫರ್ಡ್ ಭವನ ದಾಟಿದರೆ ಕುಕ್ಕರಹಳ್ಳಿ ಕೆರೆಯ ಗಾಳಿ ಮುಖಕ್ಕೆ ತಾಗುತ್ತದೆ. ಏರಿಯ ಮೇಲೆ ನಡಿಗೆಯವರ ಸಾಲು: ಸ್ವೆಟರು ಹಾಕಿಕೊಂಡ ನಿವೃತ್ತರು, ಸೀರೆಯ ಮೇಲೆ ಬೂಟು ತೊಟ್ಟ ಅಮ್ಮಂದಿರು, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡ ಹುಡುಗಿಯರು. ನೀರಿನ ನಡುವಿನ ನಡುಗಡ್ಡೆಯ ಮರಗಳಲ್ಲಿ ಹೆಜ್ಜಾರ್ಲೆಗಳು ಕೂತಿವೆ, ನೀರುಕಾಗೆ ರೆಕ್ಕೆ ಹರಡಿ ಬಿಸಿಲು ಕಾಯಿಸುತ್ತಿದೆ. ಕುವೆಂಪು ದಿನವೂ ನಡೆದ ಏರಿ ಇದು. 1956ರಲ್ಲಿ ಅವರು ಕುಲಪತಿಯಾದರು. 1960ರಲ್ಲಿ ಈ ಕೆರೆಯ ಆಚೆ ದಡದಲ್ಲಿ ಸ್ನಾತಕೋತ್ತರ ಕೇಂದ್ರ ತಲೆಯೆತ್ತಿತು. ಮಾನಸಗಂಗೋತ್ರಿ ಎಂದು ಹೆಸರಿಟ್ಟವರೂ ಅವರೇ. ವಿಶ್ವಮಾನವನ ಕನಸು ಕಂಡ ಅದೇ ಮನುಷ್ಯ, ಉನ್ನತ ಶಿಕ್ಷಣ ಕನ್ನಡದಲ್ಲಿ ಆಗಬೇಕೆಂದು ಹಟ ಹಿಡಿದವರು. ಈ ಎರಡನ್ನೂ ಒಂದೇ ತಲೆಯಲ್ಲಿ ಇಟ್ಟುಕೊಳ್ಳಲು ಅವರಿಗೆ ಕಷ್ಟವಾಗಲಿಲ್ಲ. ಮಲೆನಾಡಿನ ಹುಡುಗ ತನ್ನ ಭಾಷೆಯಲ್ಲೇ ಭೌತಶಾಸ್ತ್ರ ಓದಬಲ್ಲನಾದರೆ ತಾನೇ ಅವನು ಲೋಕದ ಎದುರು ತಲೆಯೆತ್ತಿ ನಿಲ್ಲುವುದು?

ಗಂಗೋತ್ರಿಯ ಒಳಗೆ ಹತ್ತು ಗಂಟೆಯ ಬಿಸಿಲು ಏರಿದೆ. ದಾರಿಯ ಇಕ್ಕೆಲದ ಮರಗಳ ಕೆಳಗೆ ಸ್ಕೂಟರುಗಳು, ಗೋಡೆಗಳ ಮೇಲೆ ವಿಚಾರ ಸಂಕಿರಣದ ಪೋಸ್ಟರುಗಳು. ರೌಂಡ್ ಕ್ಯಾಂಟೀನಿನಲ್ಲಿ ತಟ್ಟೆಗಳ ಸದ್ದು, ಟೊಮೇಟೊ ಬಾತಿನ ಘಾಟು, ಫಿಲ್ಟರ್ ಕಾಫಿಯ ಹಬೆ. ಒಂದು ಮೇಜಿನಲ್ಲಿ ಚಾಮರಾಜನಗರದ ಕಡೆಯ ಹುಡುಗರು ಪಿಎಚ್.ಡಿ. ಫೆಲೋಶಿಪ್ ಬಾರದ ಗೋಳು ಹೇಳಿಕೊಳ್ಳುತ್ತಿದ್ದಾರೆ. ಪಕ್ಕದಲ್ಲಿ ಬೈಲಕುಪ್ಪೆಯಿಂದ ಬಂದ ಟಿಬೆಟನ್ ಹುಡುಗಿಯರು; ಅವರ ಕನ್ನಡದಲ್ಲಿ ಪಿರಿಯಾಪಟ್ಟಣದ ಎಳೆತ ಇದೆ, ಏಕೆಂದರೆ ಅವರು ಹುಟ್ಟಿದ್ದೇ ಅಲ್ಲಿ. ಅದರಾಚೆ ಅರಬ್ಬಿಯಲ್ಲಿ ಮಾತು, ಪಾರ್ಸಿಯಲ್ಲಿ ನಗು. ಇರಾನ್, ಯೆಮೆನ್, ಇರಾಕ್, ಅಫ್ಘಾನಿಸ್ತಾನಗಳಿಂದ ಇಲ್ಲಿಗೆ ಓದಲು ಬರುವುದು ಇವತ್ತು ನಿನ್ನೆಯದಲ್ಲ. 2021ರ ಆಗಸ್ಟ್‌ನಲ್ಲಿ ಕಾಬೂಲು ತಾಲಿಬಾನಿನ ಕೈಗೆ ಹೋದಾಗ ಮೈಸೂರಿನಲ್ಲಿದ್ದ ಅಫ್ಘನ್ ವಿದ್ಯಾರ್ಥಿಗಳು ಮನೆಯವರ ದನಿ ಕೇಳಲು ರಾತ್ರಿಯೆಲ್ಲ ಫೋನು ಹಿಡಿದು ಕೂತಿದ್ದರು. ಆ ದಿನಗಳಲ್ಲಿ ಈ ಊರು ಅವರಿಗೆ ಬರೀ ಕಾಲೇಜಿನ ಊರಾಗಿರಲಿಲ್ಲ.

ಕೌಂಟರಿನ ಮುಂದೆ ಎತ್ತರದ, ಗುಂಗುರು ಕೂದಲಿನ ಒಬ್ಬ ಹುಡುಗ ನಿಂತಿದ್ದಾನೆ. ತುಟಿಯಲ್ಲೇ ಒಮ್ಮೆ ಹೇಳಿಕೊಂಡು, ಆಮೇಲೆ ಧೈರ್ಯ ಮಾಡಿ ಕೇಳುತ್ತಾನೆ:

‘ಅಣ್ಣಾ, ಒಂದು ಟೀ ಕೊಡಿ. ಸಕ್ಕರೆ ಕಮ್ಮಿ.’

ಒಳಗಿನಿಂದ ಉತ್ತರ ಬರುತ್ತದೆ: ‘ಓನ್ಲಿ ಟೀ ಸಾರ್? ಲೆಸ್ ಶುಗರ್, ಓಕೆ ಸಾರ್.’

ಹುಡುಗ ನಕ್ಕು ಚೀಟಿ ತೆಗೆದುಕೊಂಡು ಸರಿಯುತ್ತಾನೆ. ಕ್ಯಾಂಟೀನಿನವನದು ಪೂರ್ತಿ ಒಳ್ಳೆಯ ಮನಸ್ಸು; ಬಂದ ಅತಿಥಿಗೆ ಕಷ್ಟವಾಗದಿರಲಿ ಎಂಬ ಕಾಳಜಿ. ಆದರೂ ನನಗೆ ಹೊಟ್ಟೆಯಲ್ಲಿ ಸಣ್ಣಗೆ ಸಂಕಟ. ಕಲಿತು ತಂದಿದ್ದ ಒಂದು ವಾಕ್ಯಕ್ಕೆ ಬೆಲೆ ಸಿಗದೆ ಹೋಯಿತು. ನಾಳೆ ಅವನು ಇಂಗ್ಲಿಷಿನಲ್ಲೇ ಕೇಳುತ್ತಾನೆ. ವರ್ಷಗಟ್ಟಲೆ ಇದ್ದು, ಡಾಕ್ಟರೇಟ್ ಪಡೆದು, ಹತ್ತು ಮಾತು ಕನ್ನಡ ಬಾರದೆ ವಿಮಾನ ಹತ್ತುವವರು ಎಷ್ಟೋ ಮಂದಿ. ತಪ್ಪು ಅವರದಲ್ಲ. ಕಲಿಯಿರಿ ಎಂದು ನಾವು ಗಟ್ಟಿಯಾಗಿ ಕೇಳಲೇ ಇಲ್ಲ.

ಇಲ್ಲಿಂದ ಹೊರಗೆ ಹೋದವರ ಕತೆ ನೋಡಿ. ಎ.ಕೆ. ರಾಮಾನುಜನ್ ಇದೇ ಊರಿನ ಹುಡುಗ. ಅಪ್ಪ ಇದೇ ವಿಶ್ವವಿದ್ಯಾನಿಲಯದ ಗಣಿತದ ಪ್ರಾಧ್ಯಾಪಕರು. ಅವರೇ ನೆನೆದುಕೊಂಡಂತೆ, ಮಹಡಿಯ ಮೇಲೆ ಅಪ್ಪನ ಕೋಣೆಯಲ್ಲಿ ಇಂಗ್ಲಿಷ್ ಮತ್ತು ಸಂಸ್ಕೃತ, ಕೆಳಗೆ ಅಡುಗೆಮನೆಯಲ್ಲಿ ತಮಿಳು, ಬೀದಿಗೆ ಇಳಿದರೆ ಕನ್ನಡ. ಶಿಕಾಗೋಗೆ ಹೋದ ಮೇಲೆ ಅವರು ಬೀದಿಯ ಆ ಭಾಷೆಯನ್ನು ಮರೆಯಲಿಲ್ಲ. ಬಸವಣ್ಣ, ಅಲ್ಲಮ, ಅಕ್ಕ, ದಾಸಿಮಯ್ಯರನ್ನು ಇಂಗ್ಲಿಷಿಗೆ ತಂದರು. 1973ರಲ್ಲಿ ‘ಸ್ಪೀಕಿಂಗ್ ಆಫ್ ಶಿವ’ ಬಂದ ಮೇಲೆ ವಚನಗಳನ್ನು ಓದದೆ ಭಾರತದ ಭಕ್ತಿಕಾವ್ಯದ ಬಗ್ಗೆ ಮಾತಾಡಲು ಯಾವ ದೇಶದ ವಿದ್ವಾಂಸನಿಗೂ ಆಗಲಿಲ್ಲ. ಯು.ಆರ್. ಅನಂತಮೂರ್ತಿ ಮಹಾರಾಜ ಕಾಲೇಜಿನಲ್ಲಿ ಓದಿ ಬರ್ಮಿಂಗ್‌ಹ್ಯಾಮಿಗೆ ಹೋದರು. ಅಲ್ಲಿ ಬರ್ಗ್‌ಮನ್ನನ ಸಿನಿಮಾ ನೋಡಿ, ತಮ್ಮ ಗುರು ಮಾಲ್ಕಮ್ ಬ್ರಾಡ್ಬರಿ ಜೊತೆ ಮಾತಾಡಿ, ಆ ಚಳಿಯ ಊರಿನಲ್ಲಿ ಕೂತು ಮಲೆನಾಡಿನ ಅಗ್ರಹಾರದ ಕತೆ ಬರೆದರು. 1965ರಲ್ಲಿ ‘ಸಂಸ್ಕಾರ’ ಕನ್ನಡದಲ್ಲಿ ಬಂತು. 1976ರಲ್ಲಿ ಅದನ್ನು ಇಂಗ್ಲಿಷಿಗೆ ಕೊಂಡೊಯ್ದವರು ರಾಮಾನುಜನ್. ದೂರ ಹೋದಾಗ ಇವರಿಗೆ ಊರು ಇನ್ನಷ್ಟು ನಿಚ್ಚಳವಾಗಿ ಕಂಡಿತು, ಏಕೆಂದರೆ ಹೋಗುವಾಗಲೇ ಅವರ ಬೆನ್ನಿಗೆ ಊರಿತ್ತು. ಏನೂ ಇಲ್ಲದೆ ಬರಿಗೈಯಲ್ಲಿ ಹೋದವರಿಗೆ ಲೋಕದ ಯಾವ ವಿಶ್ವವಿದ್ಯಾನಿಲಯವೂ ಇದನ್ನು ಕಲಿಸಿಕೊಡಲಾರದು.

ಮಧ್ಯಾಹ್ನದ ಹೊತ್ತಿಗೆ ಜಯಲಕ್ಷ್ಮಿವಿಲಾಸ ಮಹಲಿನ ಕಡೆ ತಿರುಗಿದರೆ ಸದ್ದೇ ಬೇರೆ. ಪಾರಿವಾಳ ಪಟಪಟನೆ ಹಾರುತ್ತದೆ, ಗಾಳಿಗೆ ಒಣ ಎಲೆ ಜಗಲಿಯ ಮೇಲೆ ಸರಸರನೆ ಸರಿಯುತ್ತದೆ. 1905ರಲ್ಲಿ ಮೈಸೂರಿನ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಿದ ಈ ಮಹಲನ್ನು ವಿಶ್ವವಿದ್ಯಾನಿಲಯ ಕುವೆಂಪು ಕಾಲದಲ್ಲಿ ಕೊಂಡಿತು. ಜನ ಹಳೆಯದನ್ನು ಗುಜರಿಗೆ ಹಾಕುತ್ತಿದ್ದ ದಿನಗಳಲ್ಲಿ ಪಿ.ಆರ್. ತಿಪ್ಪೇಸ್ವಾಮಿ, ಜೀ.ಶಂ. ಪರಮಶಿವಯ್ಯ ಅಂಥವರು ಊರೂರು ಅಲೆದು ಸೋಮನ ಮುಖ, ತೊಗಲುಬೊಂಬೆ, ಯಕ್ಷಗಾನದ ಕಿರೀಟ, ಬೇಸಾಯದ ಉಪಕರಣ, ಅಡುಗೆಯ ಪಾತ್ರೆಗಳನ್ನು ಕೂಡಿಹಾಕಿದರು. 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯ ಆರಂಭವಾಯಿತು. ಅರಸುಮನೆಯ ಮೊಗಸಾಲೆಗೆ ಒಕ್ಕಲಿನ ಮೊರ, ಕುಡುಗೋಲು ಬಂದು ಕೂತವು. ಸೋಮನ ಮುಖದ ಕೆಂಪು ಬಣ್ಣ, ಹೊರಚಾಚಿದ ಕಣ್ಣು, ನಾಲಗೆ ಎದುರು ನಿಂತರೆ ಮೊಮ್ಮಕ್ಕಳ ಕೈ ಅಜ್ಜಿಯ ಸೆರಗನ್ನು ಹಿಡಿಯುತ್ತದೆ. ಶಿಥಿಲವಾಗುತ್ತ ಬಂದ ಈ ಮಹಲಿಗೆ ಒಮ್ಮೆ ಇನ್ಫೊಸಿಸ್ ಪ್ರತಿಷ್ಠಾನದ ನೆರವು ಬಂತು, ಈಚೆಗೆ ಅಮೆರಿಕದ ರಾಯಭಾರ ಕಚೇರಿಯ ಸಂರಕ್ಷಣಾ ನಿಧಿಯೂ ಕೈಜೋಡಿಸಿತು. ನೆರವಿಗೆ ಋಣಿಯಾಗೋಣ. ಆದರೆ ಸೋಮನ ಮುಖ ಮಳೆಗೆ ನೆನೆಯದಂತೆ ಸೂರು ಹಾಕುವ ಕೆಲಸ ಮೊದಲು ನಮ್ಮದು. ನಮ್ಮ ಮನೆಯ ಪೆಟ್ಟಿಗೆಯ ಬೀಗವನ್ನು ಬೇರೆಯವರು ಬಂದು ತೆಗೆಸಲಿ ಎಂದು ಕಾಯುವುದು ಸರಿಯಲ್ಲ.

ಈಗಿನ ದಿನಗಳಲ್ಲಿ ವಿಶ್ವವಿದ್ಯಾನಿಲಯಗಳ ಸಭೆಗಳಲ್ಲಿ ಅಂತರರಾಷ್ಟ್ರೀಯ ಎಂಬ ಮಾತು ಬಹಳ ಕೇಳುತ್ತದೆ. ಒಡಂಬಡಿಕೆಗೆ ಸಹಿ, ಕೈಕುಲುಕುವ ಫೋಟೊ, ರ‍್ಯಾಂಕಿಂಗ್ ಪಟ್ಟಿಯಲ್ಲಿ ವಿದೇಶಿ ವಿದ್ಯಾರ್ಥಿಗಳ ಸಂಖ್ಯೆಗೆ ಇಷ್ಟು ಅಂಕ. 2023ರಲ್ಲಿ ಯುಜಿಸಿ ನಿಯಮ ಬದಲಾಗಿ ಹೊರದೇಶದ ವಿಶ್ವವಿದ್ಯಾಲಯಗಳು ಇಲ್ಲೇ ಕ್ಯಾಂಪಸ್ ತೆರೆಯಲು ದಾರಿಯಾಯಿತು. 2025ರಲ್ಲಿ ಬ್ರಿಟನ್ನಿನ ಲಿವರ್‌ಪೂಲ್ ವಿಶ್ವವಿದ್ಯಾಲಯಕ್ಕೆ ಬೆಂಗಳೂರಿನಲ್ಲಿ ಕ್ಯಾಂಪಸ್ ತೆರೆಯುವ ಸಮ್ಮತಿಪತ್ರ ಸಿಕ್ಕಿತು. ಬರಲಿ, ಸ್ವಾಗತ. ಮೈಸೂರು ಎಂದೂ ಬಂದವರಿಗೆ ಬಾಗಿಲು ಹಾಕಿದ ಊರಲ್ಲ. ನನ್ನ ಚಿಂತೆ ಬೇರೆ. ಬಂದವರಿಗೆ ಕೊಡಲು ನಮ್ಮ ಹತ್ತಿರ ಏನಿದೆ ಎಂದು ನಮಗೇ ಮರೆತುಹೋಗುತ್ತಿದೆ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕನ್ನಡಿಗರಿಗೆ ‘ಸಾಂಸ್ಕೃತಿಕ ಕನ್ನಡ’, ಉಳಿದವರಿಗೆ ‘ಬಳಕೆ ಕನ್ನಡ’ ಎಂಬ ಪಾಠ ಇದೆ. ಹುಡುಗರು ಹಿಂದಿನ ರಾತ್ರಿ ಪ್ರಶ್ನೆಪತ್ರಿಕೆ ತಿರುವಿ ಪಾಸಾಗುತ್ತಾರೆ, ಮರುದಿನ ಮರೆಯುತ್ತಾರೆ. ಕಲಿಸಲು ಪೂರ್ಣಾವಧಿಯ ಮೇಷ್ಟ್ರು ಇಲ್ಲದ ಕಡೆ ಅತಿಥಿ ಉಪನ್ಯಾಸಕರು ಓಡಾಡಿ ಮುಗಿಸುತ್ತಾರೆ. ಅತ್ತ ಮ್ಯೂನಿಕ್ಕಿನ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಜೈಡೆನ್‌ಬಾಸ್ ಜರ್ಮನ್ ಮಕ್ಕಳಿಗೆ ಕನ್ನಡದ ವ್ಯಾಕರಣ ಹೇಳಿಕೊಟ್ಟು, ಕನ್ನಡ ಕಲಿಕೆಗೆ ದೊಡ್ಡ ಪಠ್ಯವನ್ನೇ ಬರೆದರು. ಜರ್ಮನಿಯಲ್ಲಿ ಆಗಿದ್ದು ಮೈಸೂರಿನಲ್ಲಿ ಏಕೆ ಆಗಬಾರದು?

ಗಂಗೋತ್ರಿಗೆ ಬರುವ ಪ್ರತಿಯೊಬ್ಬ ಹೊರದೇಶದ ವಿದ್ಯಾರ್ಥಿಗೂ ಮೊದಲ ಸೆಮಿಸ್ಟರಿನಲ್ಲಿ ಕನ್ನಡ ಕಲಿಸಬೇಕು. ಹೆಸರಿಗೆ ಮಾತ್ರದ ಪಾಠವಲ್ಲ, ಮಾರುಕಟ್ಟೆಯಲ್ಲಿ ಬದನೆಕಾಯಿಯ ಬೆಲೆ ಕೇಳುವಷ್ಟು, ಪಕ್ಕದ ಮನೆಯ ಅಜ್ಜಿಯ ಆರೋಗ್ಯ ವಿಚಾರಿಸುವಷ್ಟು. ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಇದೇ ಆವರಣದಲ್ಲಿದೆ, ಭಾರತೀಯ ಭಾಷಾ ಸಂಸ್ಥಾನ ಕೂಗಳತೆಯಲ್ಲಿದೆ; ಕಲಿಸಬಲ್ಲವರಿಗೆ ಬರವಿಲ್ಲ. ಓಲೆಗರಿ ಒರೆಸುವ ಮೇಜಿನ ಮುಂದೆ ಅವರನ್ನು ಒಂದು ಬೆಳಿಗ್ಗೆಯಾದರೂ ಕೂರಿಸಬೇಕು. ನಮ್ಮ ಮಕ್ಕಳನ್ನೂ ಜೊತೆಗೆ ಕೂರಿಸಬೇಕು, ಏಕೆಂದರೆ ಅವರಲ್ಲೂ ಹೆಚ್ಚಿನವರು ಆ ಬಾಗಿಲು ದಾಟಿದವರಲ್ಲ.

ಇದಕ್ಕೆಲ್ಲ ಸರ್ಕಾರ, ಸಿಂಡಿಕೇಟು, ಅನುದಾನ ಬೇಕು. ಅದನ್ನು ಕೇಳುತ್ತಲೇ ಇರೋಣ. ಆದರೆ ಓದುವ ನಿಮ್ಮ ಹತ್ತಿರ ಒಂದು ಬೇಡಿಕೆ ಇದೆ, ಅದಕ್ಕೆ ಅನುದಾನ ಬೇಡ. ಸರಸ್ವತೀಪುರದ ಅಂಗಡಿಯಲ್ಲೋ, ಒಂಟಿಕೊಪ್ಪಲಿನ ಬಸ್ ನಿಲ್ದಾಣದಲ್ಲೋ, ಬೆಂಗಳೂರಿನ ಮೆಟ್ರೊದಲ್ಲೋ ದೂರದೇಶದ ಒಬ್ಬ ಹುಡುಗ ತಡವರಿಸುತ್ತ ಕನ್ನಡದಲ್ಲಿ ಏನಾದರೂ ಕೇಳಿದರೆ, ದಯವಿಟ್ಟು ಕನ್ನಡದಲ್ಲೇ ಉತ್ತರ ಕೊಡಿ. ನಿಧಾನವಾಗಿ ಹೇಳಿ. ತಪ್ಪಿದ್ದರೆ ತಿದ್ದಿ. ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ.